ತಟ್ಟೆಯ ಬೆನ್ನಿನ ಹೂವು

“ಜೋರಾಗಿ ಹೊಡಿಯೇ! ಸೊಳ್ಳೆ ಹೊಡೀತಿದೀಯಾ?” ಎಂದ ಮೈಕೋಲ್.

ಯುರಾನಿ ಮೊಳೆಯನ್ನು ನೆಟ್ಟಗೆ ಹಿಡಿದು ಸುತ್ತಿಗೆಯಿಂದ ಬಾರಿಸಿದಳು. ಠಣ್! ಅಲ್ಯೂಮಿನಿಯಂ ತಟ್ಟೆಯ ಅಂಚಿನಲ್ಲಿ ಕೊನೆಯ ತೂತು ಬಿತ್ತು. ಈಗ ಅಂಚಿನ ಸುತ್ತಲೂ ತೂತುಗಳ ಸಾಲು, ನಡುವೆ ತಂತಿ ಪೋಣಿಸಲು ಒಂದು ಜೋಡಿ. ಆ ತಂತಿಗೆ ಸಾರ್ಡೀನ್ ಮೀನಿನ ಖಾಲಿ ಡಬ್ಬಿ ಕಟ್ಟಿ, ಡಬ್ಬಿಯೊಳಗೆ ಮೇಣದಬತ್ತಿ ನಿಲ್ಲಿಸಿದರೆ ಗೋಡೆದೀಪ ರೆಡಿ. ಹಿಂದೆ ತಟ್ಟೆ ಹೊಳೆಯುತ್ತಿದ್ದರೆ ಒಂದು ಬತ್ತಿಯ ಬೆಳಕು ಎರಡರಷ್ಟು ಕಾಣುತ್ತದೆ. ಅದಕ್ಕೇ ಅವಳು ಬೆಳಗಿನಿಂದ ಬೂದಿ ಹಾಕಿ ಉಜ್ಜಿ ಉಜ್ಜಿ ಬೆರಳು ಕಪ್ಪು ಮಾಡಿಕೊಂಡಿದ್ದಳು.

“ನಂದೇ ಸೂಪರ್,” ಎಂದು ಮೈಕೋಲ್ ತನ್ನದನ್ನು ಎತ್ತಿ ತೋರಿಸಿದ. ಅವನು ಯುರಾನಿಯ ಚಿಕ್ಕಮ್ಮನ ಮಗ, ಎದುರು ಮನೆಯವನು. ತುಕ್ಕು ಹಿಡಿದ ಚೀಸ್ ತುರಿಯುವ ಮಣೆಯನ್ನು ತಂದು ಅದರೊಳಗೆ ಬತ್ತಿ ಇಟ್ಟಿದ್ದ. ಅವನು ಮಾಡಿದ ಕೆಲಸ ಅಷ್ಟೇ. ಹೊಗಳಿಕೊಳ್ಳುವುದು ಮಾತ್ರ ಬೆಟ್ಟದಷ್ಟು.

ಇವತ್ತು ಡಿಸೆಂಬರ್ ಏಳು, ವೆಲೀತಾಸ್ ಹಬ್ಬ. ಕತ್ತಲಾಗುತ್ತಲೇ ಕಿಂಬಾಯಾ ಊರಿನ ಬೀದಿಬೀದಿಯಲ್ಲೂ ಮೇಣದಬತ್ತಿ ಹಚ್ಚುತ್ತಾರೆ. ಮೊದಲ ಬತ್ತಿ ಮಾತೆ ಮರಿಯಮ್ಮನಿಗೆ, ಆಮೇಲೆ ಮನೆಯವರ ಹೆಸರಿಗೆ ಒಂದೊಂದು. ಯಾವ ಬೀದಿ ಹೆಚ್ಚು ಚೆಂದ ಎಂಬ ಪೈಪೋಟಿ ಬೇರೆ. ಈ ಸಲ ಜೀಪ್ ಓಡಿಸುವ ದೋನ್ ಅರ್ಸೇಸಿಯೋ ಅವರಿಗೆ ಹೊಸ ಐಡಿಯಾ ಬಂದಿತ್ತು. ಹಳೇ ಕಾಫಿ ಗೋದಾಮಿನ ಉದ್ದ ಗೋಡೆಗೆ ಮನೆಗೊಂದರಂತೆ ಮೊಳೆ ಹೊಡೆದು, “ಅಂಗಡಿಯದು ಏನೂ ತರಬೇಡಿ. ಮನೇಲಿ ಮೂಲೆಗೆ ಬಿದ್ದಿರೋ ಸಾಮಾನಿಂದಾನೇ ಗೋಡೆದೀಪ ಮಾಡ್ಕೊಂಡು ಬನ್ನಿ” ಎಂದು ಮನೆಮನೆಗೂ ಹೇಳಿಹೋಗಿದ್ದರು.

ಯುರಾನಿಗೆ ಸಿಕ್ಕಿದ್ದು ಹಿತ್ತಲಿನ ಜರೀಗಿಡದ ಕುಂಡದ ಕೆಳಗಿದ್ದ ತಟ್ಟೆ. ಕುಂಡದಿಂದ ಸೋರುವ ನೀರು ಅದರಲ್ಲಿ ನಿಲ್ಲುತ್ತಿತ್ತು. “ಅದಾ? ತಗೋ, ಅದು ಯಾವ ಕಾಲದ್ದೋ,” ಎಂದು ಅಮ್ಮ ಬೇಕರಿ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ತಿರುಗಿಯೂ ನೋಡದೆ ಹೇಳಿದ್ದಳು.

ಮೈಕೋಲ್ ತನ್ನ ಮಣೆ ಎತ್ತಿಕೊಂಡು ಮನೆಗೆ ಓಡಿದ. ಯುರಾನಿ ತಂತಿಯ ತುದಿಗಳನ್ನು ಹಿಂದುಗಡೆ ತಿರುಚಲು ತಟ್ಟೆಯನ್ನು ಮಗುಚಿ ಹಾಕಿದಳು. ಬೆನ್ನನ್ನು ಅವಳು ಉಜ್ಜಿರಲಿಲ್ಲ. ಗೋಡೆ ಕಡೆಗೆ ಇರುವುದನ್ನು ಯಾರು ನೋಡುತ್ತಾರೆ? ಆದರೆ ಸುತ್ತಿಗೆಯ ಏಟಿಗೆ ಒಣಗಿದ ಪಾಚಿಯೂ ಮಣ್ಣೂ ಹಕ್ಕಳೆಯಾಗಿ ಉದುರಿದ್ದವು.

ಅಲ್ಲೊಂದು ಕೆಂಪು ಚುಕ್ಕೆ ಇತ್ತು.

ಹೆಬ್ಬೆರಳಿಂದ ಒರೆಸಿದಳು. ಪಕ್ಕದಲ್ಲೇ ಇನ್ನೊಂದು ಚುಕ್ಕೆ. ಇನ್ನೂ ಒರೆಸಿದಳು. ಒಟ್ಟು ಐದು ಚುಕ್ಕೆ, ದುಂಡಗೆ, ಪುಟ್ಟ ಹೂವಿನ ಹಾಗೆ. ಕೆಂಪು ನೇಲ್ ಪಾಲಿಶ್.

ಆ ಹೂವು ಯಾರದೆಂದು ಬೀದಿಯ ನಾಯಿಗೂ ಗೊತ್ತು. ಅದು ಪಕ್ಕದ ಮನೆಯ ಹಿರಿಯಮ್ಮ ದೋನ್ಯಾ ಎಡಿಲ್ಮಾ ಅವರ ತಟ್ಟೆಗಳ ಗುರುತು.

ಡಿಸೆಂಬರ್ ಬಂತೆಂದರೆ ಈ ಬೀದಿಯಲ್ಲಿ ತಟ್ಟೆಗಳು ಕಾಲು ಬಂದ ಹಾಗೆ ಓಡಾಡುತ್ತವೆ. ಎಲ್ಲರ ಮನೆಯಲ್ಲೂ ಹಾಲು, ಬೆಲ್ಲ, ದಾಲ್ಚಿನ್ನಿ ಹಾಕಿ ನತೀಯಾ ಎಂಬ ಸಿಹಿ ಕಾಯಿಸುತ್ತಾರೆ. ಬಿಸಿಬಿಸಿಯಾಗಿ ತಟ್ಟೆಗೆ ಸುರಿದು, ಗಟ್ಟಿಯಾದ ಮೇಲೆ ಅಕ್ಕಪಕ್ಕದವರಿಗೆ ಕೊಡುತ್ತಾರೆ. ಪಡೆದವರು ತಟ್ಟೆಯನ್ನು ಖಾಲಿ ಹಿಂದಿರುಗಿಸುವ ಹಾಗಿಲ್ಲ. ತಮ್ಮ ಮನೆಯದು ಏನಾದರೂ ತುಂಬಿಸಿಯೇ ಕೊಡಬೇಕು. ತಟ್ಟೆಗಳೆಲ್ಲ ಒಂದೇ ಅಂಗಡಿಯವು, ಒಂದೇ ಥರದವು. ಅದಕ್ಕೇ ಜನ ಬೆನ್ನಿಗೆ ನೇಲ್ ಪಾಲಿಶ್‌ನಿಂದ ಗುರುತು ಹಾಕಿಕೊಳ್ಳುತ್ತಾರೆ. ಯುರಾನಿಯ ಅಮ್ಮ ರುಬಿಯೇಲಾ ಮಾತ್ರ ಹಾಕುವುದಿಲ್ಲ. “ನಮ್ಮ ತಟ್ಟೆ ನಮಗೆ ಗೊತ್ತಾಗಲ್ವಾ?” ಎನ್ನುತ್ತಿದ್ದಳು.

ಹೋದ ವರ್ಷ ದೋನ್ಯಾ ಎಡಿಲ್ಮಾ ನತೀಯಾ ಕಳಿಸಿದ್ದರು. ಒಣದ್ರಾಕ್ಷಿ, ತೆಂಗಿನತುರಿ ಹಾಕಿದ ನತೀಯಾ, ಬಾಯಲ್ಲಿಟ್ಟರೆ ಕರಗುವಂಥದ್ದು. ಅಮ್ಮ ತನ್ನ ನತೀಯಾ ತುಂಬಿಸಿ ತಟ್ಟೆ ಹಿಂದಿರುಗಿಸಿದಳು. ಅಮ್ಮನದು ಸ್ವಲ್ಪ ಗಂಟುಗಂಟು, ಇರಲಿ. ಮಾರನೆಯ ದಿನ ದೋನ್ಯಾ ಬಾಗಿಲಿಗೆ ಬಂದು, “ರುಬಿಯೇಲಾ, ಇದು ನನ್ನ ತಟ್ಟೆ ಅಲ್ಲ ಕಣೇ. ಇದಕ್ಕೆ ಹೂವೇ ಇಲ್ಲ” ಎಂದರು.

“ಅದೇ ತಟ್ಟೆ. ತೊಳೆದೂ ತೊಳೆದೂ ಬಣ್ಣ ಹೋಗಿರುತ್ತೆ,” ಎಂದಳು ಅಮ್ಮ.

“ನೇಲ್ ಪಾಲಿಶ್ ತೊಳೆದ್ರೆ ಹೋಗುತ್ತಾ?”

“ಹಾಗಾದ್ರೆ ನಾನು ತಟ್ಟೆ ಕದ್ದೆ ಅಂತೀರಾ?”

ಮಾತು ಎಲ್ಲಿಂದ ಎಲ್ಲಿಗೋ ಹೋಯಿತು. ಕಿಟಕಿಗಳಲ್ಲಿ ತಲೆಗಳು ಕಂಡವು. ಕೊನೆಗೆ ಅಮ್ಮ ಬೀದಿಯ ನಡುವೆ ನಿಂತು, ಎದೆಯ ಮೇಲೆ ಕೈಯಿಟ್ಟು, “ಮಾತೆ ಮರಿಯಮ್ಮನಾಣೆ, ನಿಮ್ಮ ತಟ್ಟೆ ನನ್ನ ಮನೇಲಿಲ್ಲ!” ಎಂದುಬಿಟ್ಟಳು.

ಅವತ್ತಿನಿಂದ ಎರಡು ಮನೆಗೂ ಮಾತಿಲ್ಲ, ನತೀಯಾ ಇಲ್ಲ. ಬೀದಿ ಹುಡುಗರಿಗೆ ಮಾತ್ರ ಹೊಸ ಹಾಡು ಸಿಕ್ಕಿತ್ತು. “ಯುರಾನಿ, ತಟ್ಟೆರಾಣಿ!”

ಈಗ ತಟ್ಟೆ ತೊಡೆಯ ಮೇಲಿತ್ತು. ಅಮ್ಮ ಆಣೆ ಇಟ್ಟದ್ದು ಮರಿಯಮ್ಮನ ಮೇಲೆ. ಇವತ್ತಿನ ಮೊದಲ ಬತ್ತಿ ಅವಳಿಗೇ.

ಅಷ್ಟರಲ್ಲಿ ಇನ್ನೊಂದು ನೆನಪಾಯಿತು. ಅದು ಇನ್ನೂ ಕೆಟ್ಟದ್ದು. ಹೋದ ವರ್ಷ ಅಮ್ಮ ಒಲೆ ಮುಂದೆ ನಿಂತು, “ಪುಟ್ಟೀ, ಕಪಾಟಿಂದ ದೋನ್ಯಾ ಅವರ ತಟ್ಟೆ ತಾರೇ” ಎಂದಿದ್ದಳು. ಹೊರಗೆ ಪಟಾಕಿ ಸದ್ದು. ನೋಡಲು ಓಡುವ ಆತುರದಲ್ಲಿ ಯುರಾನಿ ಎಲ್ಲಕ್ಕಿಂತ ಮೇಲಿದ್ದ ತಟ್ಟೆಯನ್ನು ಎತ್ತಿ ತಂದುಕೊಟ್ಟಿದ್ದಳು. ಮಗುಚಿ ನೋಡಿರಲಿಲ್ಲ. ದೋನ್ಯಾ ಅವರ ತಟ್ಟೆ ಕಪಾಟಿನಲ್ಲೇ ಉಳಿದಿತ್ತು. ಅಮ್ಮ ಅವತ್ತೇ ಅದನ್ನು ತನ್ನದೇ ಎಂದುಕೊಂಡು ಜರೀಗಿಡದ ಕೆಳಗೆ ಇಟ್ಟಿದ್ದಳು.

ಅಂದರೆ ಅಮ್ಮ ಸುಳ್ಳು ಹೇಳಿರಲಿಲ್ಲ. ದೋನ್ಯಾ ಕೂಡ ಹೇಳಿರಲಿಲ್ಲ. ಇಡೀ ಜಗಳ ಶುರುವಾದದ್ದೇ ಯುರಾನಿಯ ಕೈಯಿಂದ.

‘ಪರವಾಗಿಲ್ಲ,’ ಎಂದುಕೊಂಡಳು. ‘ಹೂವು ಗೋಡೆ ಕಡೆಗಿರುತ್ತೆ. ಯಾರಿಗೂ ಕಾಣಲ್ಲ.’

“ಯುರಾನೀ!” ಬೇಲಿಯಾಚೆಯಿಂದ ಮೈಕೋಲ್ ಕೂಗಿದ. “ಐದು ಗಂಟೆಗೆ ತರಬೇಕಂತೆ. ದೋನ್ ಅರ್ಸೇಸಿಯೋ ಎಲ್ಲದರ ಹಿಂದೆ ಮನೆ ನಂಬರ್ ಬರೀತಾರಂತೆ. ಬೇಗ ಬಾರೇ, ತಟ್ಟೆರಾಣಿ!”

ಎಲ್ಲದರ ಹಿಂದೆ! ದೋನ್ ಅರ್ಸೇಸಿಯೋ ತಟ್ಟೆ ಮಗುಚುತ್ತಾರೆ. ಹೂವು ನೋಡುತ್ತಾರೆ. ಅವರ ಬಾಯಿಗೂ ಅವರ ಜೀಪಿಗೂ ಬ್ರೇಕ್ ಇಲ್ಲ. ಬತ್ತಿ ಹಚ್ಚುವ ಹೊತ್ತಿಗೆ ಬೀದಿಗೆಲ್ಲ ಸುದ್ದಿ. ಅಮ್ಮ ಬೇಕರಿಯಿಂದ ದಣಿದು ಬರುವಾಗ ಎಲ್ಲರೂ ಅವಳನ್ನೇ ನೋಡುತ್ತಿರುತ್ತಾರೆ.

ಯುರಾನಿ ಒಳಗೆ ಓಡಿದಳು. ಅಮ್ಮನ ಕನ್ನಡಿಯ ಪಕ್ಕ ನೇಲ್ ಪಾಲಿಶ್ ಬಾಟಲಿ ಇತ್ತು, ಅದನ್ನು ಅಳಿಸುವ ನೀರಿನ ಬಾಟಲಿಯೂ ಇತ್ತು. ಹತ್ತಿಗೆ ಆ ನೀರು ಹಾಕಿ ಒಂದು ಚುಕ್ಕೆಯ ಮೇಲೆ ಒತ್ತಿದಳು. ಮೂಗಿಗೆ ಘಾಟು ಹೊಡೆಯಿತು. ಹತ್ತಿ ಕೆಂಪಾಯಿತು. ಚುಕ್ಕೆ ಮಾಯ!

ಎಷ್ಟು ಸುಲಭ! ಇನ್ನು ನಾಲ್ಕು ಅಳಿಸಿದರೆ ಮುಗಿಯಿತು. ಅಮ್ಮ ಹೇಳಿದ್ದೇ ನಿಜವಾಗುತ್ತದೆ. ಬಣ್ಣ ಹೋಗುತ್ತದೆ ಎಂದಿದ್ದಳಲ್ಲ, ಹೋಯಿತು.

ಯುರಾನಿ ಹತ್ತಿಯನ್ನು ಎರಡನೆಯ ಚುಕ್ಕೆಯ ಹತ್ತಿರ ತಂದಳು. ಅಲ್ಲೇ ಅವಳ ಕೈ ನಿಂತಿತು. ಅಮ್ಮ ಹೇಳಿದ್ದು ನಿಜವಾದರೆ ದೋನ್ಯಾ ಹೇಳಿದ್ದು ಏನಾಗುತ್ತದೆ? ಹೋದ ವರ್ಷ ಜಗಳ ಮುಗಿದ ಮೇಲೆ ದೋನ್ಯಾ ಗೇಟು ಹಿಡಿದು ನಿಂತು, “ನನ್ನ ಕೈಯಾರೆ ಬರೆದ ಹೂವು” ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಯಾರೂ ನಂಬಿರಲಿಲ್ಲ. ಯುರಾನಿಯೂ ನಂಬಿರಲಿಲ್ಲ.

ಉಳಿದ ನಾಲ್ಕು ಚುಕ್ಕೆ ಅವಳನ್ನೇ ನೋಡುತ್ತಿದ್ದವು. ಅವಳಿಗೆ ಅಳು ಬಂತು. ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಹತ್ತಿಯನ್ನು ಕಸದ ಬುಟ್ಟಿಗೆ ಎಸೆದು ಎದ್ದಳು.

ತಟ್ಟೆ ಹಿಂದಿರುಗಿಸಬೇಕು. ಆದರೆ ಖಾಲಿ ತಟ್ಟೆ ಕೊಡುವ ಹಾಗಿಲ್ಲವಲ್ಲ! ಅಡುಗೆಮನೆಯಲ್ಲಿ ನೋಡಿದರೆ ಬೆಳಗಿನ ಅರ್ಧ ರೊಟ್ಟಿ ಬಿಟ್ಟು ಏನೂ ಇಲ್ಲ. ಏನಿದ್ದರೂ ಏನು ಪ್ರಯೋಜನ? ತಟ್ಟೆ ತುಂಬ ತೂತು. ಅದರಲ್ಲಿ ನಿಲ್ಲುವುದು ಒಂದೇ ಒಂದು. ಯುರಾನಿ ತಂತಿ ಬಿಗಿದು, ಮೀನಿನ ಡಬ್ಬಿ ಕಟ್ಟಿ, ತಾನು ಆರಿಸಿಟ್ಟಿದ್ದ ಬಿಳಿ ಮೇಣದಬತ್ತಿಯನ್ನು ಅದರಲ್ಲಿ ನಿಲ್ಲಿಸಿದಳು.

ಪಕ್ಕದ ಮನೆಯ ಗೇಟಿನವರೆಗೆ ಹೋಗಿ ಹಿಂದೆ ಬಂದಳು. ಮತ್ತೆ ಹೋದಳು. ಈ ಸಲ ಗೇಟು ತಾನಾಗಿಯೇ ಕಿರ್ ಎಂದು ಅವಳ ಗುಟ್ಟು ರಟ್ಟು ಮಾಡಿತು.

“ಯಾರದು?”

ದೋನ್ಯಾ ಎಡಿಲ್ಮಾ ಹಿತ್ತಲಿನ ಒಲೆಯ ಮುಂದೆ ನಿಂತು ದೊಡ್ಡ ಬಾಣಲೆಯಲ್ಲಿ ನತೀಯಾ ತಿರುವುತ್ತಿದ್ದರು. ಪಕ್ಕದ ಮೇಜಿನ ಮೇಲೆ ತೊಳೆದ ತಟ್ಟೆಗಳನ್ನು ಬೋರಲು ಹಾಕಿದ್ದರು. ಪ್ರತಿಯೊಂದರ ಬೆನ್ನಿಗೂ ಕೆಂಪು ಹೂವು. ಸಾಲಿನ ಕೊನೆಯಲ್ಲಿ ಒಂದು ತಟ್ಟೆಯಷ್ಟು ಜಾಗ ಖಾಲಿ.

“ನಾನು... ಯುರಾನಿ.”

“ರುಬಿಯೇಲಾ ಮಗಳಾ? ದಾರಿ ತಪ್ಪಿ ಬಂದ್ಯಾ? ನಿಮ್ಮನೆ ಪಕ್ಕದ್ದು.”

“ಇಲ್ಲ. ಇಲ್ಲಿಗೇ ಬಂದೆ.”

“ಹಾಗಾದ್ರೆ ಬೇಗ ಹೇಳು. ತಿರುವೋದು ನಿಲ್ಲಿಸಿದ್ರೆ ತಳ ಹಿಡಿಯುತ್ತೆ.”

ಯುರಾನಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಈಗ ಅದನ್ನೆಲ್ಲ ಬಿಟ್ಟು ಗೋಡೆದೀಪವನ್ನು ಮುಂದೆ ಚಾಚಿದಳು.

ದೋನ್ಯಾ ಎಡಗೈಯಲ್ಲಿ ತೆಗೆದುಕೊಂಡು ನೋಡಿದರು. “ಚೆನ್ನಾಗಿದೆ. ಗೋಡೆಗೆ ಹಾಕು ಹೋಗು. ನಂಗ್ಯಾಕೆ ತೋರಿಸ್ತೀಯಾ?”

“ತಿರುಗಿಸಿ ನೋಡಿ.”

ದೋನ್ಯಾ ತಿರುಗಿಸಿದರು. ಬಾಣಲೆಯ ಸೌಟು ನಿಂತಿತು. ನತೀಯಾ ಗುಳುಕ್ ಗುಳುಕ್ ಎಂದು ಕುದಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು.

“ದೋನ್ಯಾ... ತಳ ಹಿಡೀತಿದೆ,” ಎಂದಳು ಯುರಾನಿ ಮೆಲ್ಲಗೆ.

“ಹಿಡೀಲಿ.”

ಯುರಾನಿಗೆ ಈಗ ನಿಜವಾಗಿ ಹೆದರಿಕೆಯಾಯಿತು. ಒಂದೇ ಉಸಿರಿಗೆ ಹೇಳಿಬಿಟ್ಟಳು. “ಹೋದ್ವರ್ಷ ಕಪಾಟಿಂದ ತಟ್ಟೆ ತಂದಿದ್ದು ನಾನು. ಮೇಲಿದ್ದಿದ್ದನ್ನೇ ಎತ್ಕೊಂಡೆ, ಹಿಂದುಗಡೆ ನೋಡ್ಲಿಲ್ಲ. ಅಮ್ಮ ಸುಳ್ಳು ಹೇಳಿಲ್ಲ, ಅಮ್ಮಂಗೆ ಗೊತ್ತೇ ಇಲ್ಲ. ಜರೀಗಿಡದ ಕೆಳಗಿತ್ತು. ತೂತು ಮಾಡಿದ್ದೂ ನಾನೇ. ಗೊತ್ತಿಲ್ದೆ ಮಾಡ್ದೆ.”

“ನಾಲ್ಕೇ ಚುಕ್ಕೆ ಇದೆ. ಇನ್ನೊಂದೆಲ್ಲಿ?”

ಜರೀಗಿಡದ ನೀರಿಗೆ ಹೋಯಿತು ಎನ್ನಬಹುದಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. “ಅದನ್ನೂ ನಾನೇ ಅಳಿಸಿದೆ. ಈಗ, ಬರೋಕೆ ಮುಂಚೆ.”

“ಮತ್ತೆ ಯಾಕೆ ನಿಲ್ಲಿಸಿದೆ?”

“ಎಲ್ಲ ಅಳಿಸಿದ್ರೆ... ನೀವು ಸುಳ್ಳು ಹೇಳಿದ ಹಾಗಾಗುತ್ತೆ.”

ದೋನ್ಯಾ ಒಲೆಯಿಂದ ಬಾಣಲೆ ಇಳಿಸಿದರು. ಮೂಗು ಒರೆಸಿಕೊಂಡರು. ಅದು ಹೊಗೆಗೋ ಇನ್ನೇನಕ್ಕೋ ಯುರಾನಿಗೆ ತಿಳಿಯಲಿಲ್ಲ. “ಈ ಕ್ಯಾಂಡಲ್ ಯಾಕೆ ಇದರಲ್ಲಿ?”

“ಖಾಲಿ ತಟ್ಟೆ ಕೊಡಬಾರದಲ್ವಾ? ಇದರಲ್ಲಿ ಬೇರೆ ಏನೂ ನಿಲ್ಲಲ್ಲ.”

ದೋನ್ಯಾ ಅವರ ಗಂಟಲಿನಿಂದ ಒಂದು ಸದ್ದು ಬಂತು. ಕೆಮ್ಮೋ ನಗುವೋ. ಅವರು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ತಟ್ಟೆ ತಂದರು. ಬೆನ್ನಿಗೆ ಹೂವಿಲ್ಲ, ಗೀಟಿಲ್ಲ, ಏನೂ ಇಲ್ಲ.

“ನಿಮ್ಮನೇದು. ವರ್ಷದಿಂದ ಕಪಾಟಿನಲ್ಲಿ ಕೂತು ನನ್ನ ಪ್ರಾಣ ತಿಂತಿದೆ. ಖಾಲಿ ಕಳಿಸೋ ಹಾಗಿಲ್ಲ. ತುಂಬಿಸಿ ಕಳಿಸೋಣ ಅಂದ್ರೆ ನಿಮ್ಮಮ್ಮ ಮುಖ ತಿರುಗಿಸ್ಕೊಂಡು ಹೋಗ್ತಾಳೆ. ನಾನೇನು ಕಡಿಮೆ ಅಂದ್ಕೋಬೇಡ, ನಾನೂ ತಿರುಗಿಸ್ಕೋತಿದ್ದೆ.”

ಯುರಾನಿಗೆ ಸ್ವಲ್ಪ ಉಸಿರು ಬಂತು. “ಹಾಗಾದ್ರೆ... ಗೋಡೆದೀಪ?”

“ಅದು ನನ್ನ ತಟ್ಟೆ. ನನ್ನ ಮೊಳೆಗೇ ಹೋಗುತ್ತೆ,” ಎಂದರು ದೋನ್ಯಾ ಖಡಾಖಂಡಿತವಾಗಿ.

ಯುರಾನಿ ತಲೆಯಾಡಿಸಿದಳು. ನ್ಯಾಯ ಅದೇ. ಆದರೂ ಬೂದಿಯಲ್ಲಿ ಉಜ್ಜಿದ ಬೆರಳು ಇನ್ನೂ ಉರಿಯುತ್ತಿದ್ದವು.

ಕತ್ತಲಾಗುವ ಹೊತ್ತಿಗೆ ಗೋದಾಮಿನ ಗೋಡೆಯ ಮುಂದೆ ಬೀದಿಗೆ ಬೀದಿಯೇ ಸೇರಿತ್ತು. ಸೌಟು, ಜರಡಿ, ಕಾಫಿ ಸೋಸುವ ಡಬ್ಬ, ಹಿಡಿ ಮುರಿದ ಬಾಣಲೆ, ಎಲ್ಲವೂ ಬತ್ತಿ ಹೊತ್ತು ನೇತಾಡುತ್ತಿದ್ದವು. ದೋನ್ಯಾ ತಮ್ಮ ಮನೆ ನಂಬರನ್ನು ತಾವೇ ಬರೆದು ತಂದು, ದೋನ್ ಅರ್ಸೇಸಿಯೋ ಕೈಗೂ ಕೊಡದೆ, ತಟ್ಟೆಯನ್ನು ಮೊಳೆಗೆ ಸಿಕ್ಕಿಸಿದ್ದರು. ಹೂವು ಗೋಡೆ ಕಡೆಗೆ. ಪಕ್ಕದ ಮೊಳೆ ಖಾಲಿ.

“ನಿಂದೆಲ್ಲಿ?” ಎಂದ ಮೈಕೋಲ್. ಅವನು ಆ ಮೊಳೆಗೆ ತನ್ನ ಟೋಪಿ ನೇತುಹಾಕಿ ನಕ್ಕ. ಯುರಾನಿಗೆ ನಗು ಬರಲಿಲ್ಲ. ಅವಳು ಬೀದಿಯ ತುದಿಯನ್ನೇ ನೋಡುತ್ತಿದ್ದಳು.

ಅಮ್ಮ ಬಂದಳು. ಕೂದಲಲ್ಲಿ ಹಿಟ್ಟು, ಕೈಯಲ್ಲಿ ಬೇಕರಿಯ ಕಾಗದದ ಚೀಲ. ಚೀಲದಿಂದ ಚೀಸ್ ಬೋಂಡಾದ ಬಿಸಿ ವಾಸನೆ. “ನಮ್ಮ ಮೊಳೆಗೆ ಟೋಪಿ ಯಾಕೆ ಹಾಕಿದೀರಾ? ತಟ್ಟೆ ಎಲ್ಲಿ ಪುಟ್ಟೀ?”

ಮೈಕೋಲ್ ಟೋಪಿ ತೆಗೆದುಕೊಂಡ. ಯುರಾನಿ ಪಕ್ಕದ ಮೊಳೆ ತೋರಿಸಿದಳು.

“ಅಯ್ಯೋ, ನಮ್ಮ ಜರೀಗಿಡದ ತಟ್ಟೆ! ಅದ್ಯಾಕೆ ಅಲ್ಲಿ?”

“ಅದರ ಬೆನ್ನಿಗೆ ಹೂವಿದೆ ಅಮ್ಮಾ,” ಎಂದಳು ಯುರಾನಿ. ಉಳಿದದ್ದನ್ನು ಅಮ್ಮನ ಕಿವಿಯಲ್ಲಿ ಹೇಳಿದಳು.

ಅಮ್ಮ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. “ಮರಿಯಮ್ಮನ ಆಣೆ ಇಟ್ಟಿದ್ದೆನಲ್ಲೇ...” ಎಂದಳು. ಅಮ್ಮ ಹೆದರಿದ್ದನ್ನು ಯುರಾನಿ ಎಂದೂ ನೋಡಿರಲಿಲ್ಲ. ಅವಳು ಅಮ್ಮನ ಕೈ ಹಿಡಿದುಕೊಂಡಳು.

ಆಗ ದೋನ್ಯಾ ಎಡಿಲ್ಮಾ ಜನರ ನಡುವಿನಿಂದ ಬಂದರು. ಕೈಯಲ್ಲಿ ನತೀಯಾ ತುಂಬಿದ ತಟ್ಟೆ. ಬೀದಿ ಮಾತು ನಿಲ್ಲಿಸಿತು. ದೋನ್ ಅರ್ಸೇಸಿಯೋ ಕೂಡ ಬಾಯಿ ಮುಚ್ಚಿದರು, ಅದೇ ಒಂದು ಪವಾಡ.

“ತಗೋ, ನಿನ್ನ ತಟ್ಟೆ,” ಎಂದರು ದೋನ್ಯಾ. “ಈ ಸಲ ಸ್ವಲ್ಪ ತಳ ಹಿಡಿದಿದೆ. ನಿನ್ನ ಮಗಳ ದಯೆ.”

ಅಮ್ಮ ಎರಡೂ ಕೈ ಚಾಚಿ ತೆಗೆದುಕೊಂಡಳು. ಗುರುತು ನೋಡಲೆಂದೋ ಏನೋ, ಏನು ಮಾಡುತ್ತಿದ್ದೇನೆಂಬ ಪರಿವೆಯೇ ಇಲ್ಲದೆ ತಟ್ಟೆಯನ್ನು ಮಗುಚಲು ಹೊರಟಳು.

“ತಿರುಗಿಸಬೇಡ!” ಎಂದು ದೋನ್ಯಾ, ಯುರಾನಿ ಒಟ್ಟಿಗೇ ಕಿರುಚಿದರು.

ಜಾರಿದ ನತೀಯಾ ಅಂಚಿಗೆ ಬಂದು ನಿಂತಿತು. ಮೊದಲು ನಕ್ಕವನು ಮೈಕೋಲ್. ಆಮೇಲೆ ದೋನ್ಯಾ. ಕೊನೆಗೆ ಅಮ್ಮನೂ ನಕ್ಕಳು, ನಗುತ್ತಲೇ ತೋಳಿನಿಂದ ಕಣ್ಣು ಒರೆಸಿಕೊಂಡಳು.

“ಬೆಂಕಿಪೊಟ್ಟಣ ಇದ್ಯಾ ರುಬಿಯೇಲಾ? ನಂದಿನ್ನೂ ಹಚ್ಚಿಲ್ಲ.”

ಅಮ್ಮ ನತೀಯಾ ತಟ್ಟೆಯನ್ನು ಯುರಾನಿಯ ಕೈಗೆ ಕೊಟ್ಟು ಕಡ್ಡಿ ಗೀರಿದಳು. ತಟ್ಟೆಯ ಮುಂದಿನ ಬಿಳಿ ಬತ್ತಿ ಹೊತ್ತಿಕೊಂಡಿತು. “ಮಾತೆ ಮರಿಯಮ್ಮನಿಗೆ,” ಎಂದಳು ಸಣ್ಣ ದನಿಯಲ್ಲಿ. ಹೊಳೆಯುವ ಅಲ್ಯೂಮಿನಿಯಂನಲ್ಲಿ ಬೆಳಕು ಹರಡಿತು. ಖಾಲಿ ಮೊಳೆಯ ನೆರಳು ಉದ್ದಕ್ಕೆ ಬಿತ್ತು.

ಮನೆಗೆ ಬಂದು ನತೀಯಾ ತಿಂದರು. ಸೀದದ್ದು ಗೊತ್ತೇ ಆಗಲಿಲ್ಲ, ಅಥವಾ ಗೊತ್ತಾದರೂ ಯಾರೂ ಹೇಳಲಿಲ್ಲ. ಯುರಾನಿ ತಟ್ಟೆ ತೊಳೆದು ಒರೆಸಿದಳು.

“ನನ್ನ ಕೆಂಪು ನೇಲ್ ಪಾಲಿಶ್ ತಾ,” ಎಂದಳು ಅಮ್ಮ.

ಯುರಾನಿ ತಂದಳು. ಅಮ್ಮ ತಟ್ಟೆಯನ್ನು ಮೇಜಿನ ಮೇಲೆ ಬೋರಲು ಹಾಕಿ, ನಾಲಿಗೆ ಕಚ್ಚಿಕೊಂಡು, ಅದರ ಬೆನ್ನಿಗೆ ಐದು ಚುಕ್ಕೆ ಇಟ್ಟಳು. ಗುರುತು ಹಾಕಿ ಅಭ್ಯಾಸವಿಲ್ಲದ ಕೈ. ಒಂದು ಚುಕ್ಕೆ ದಪ್ಪ, ಒಂದು ಸೊಟ್ಟ. ಉಫ್ ಉಫ್ ಎಂದು ಊದಿದಳು. ಆಮೇಲೆ ಮೆಲ್ಲಗೆ ಅಂಚು ಹಿಡಿದೆತ್ತಿ, ಬೋಂಡಾಗಳನ್ನೆಲ್ಲ ಅದರಲ್ಲಿ ತುಂಬಿಸಿದಳು.

“ದೋನ್ಯಾಗೆ ಕೊಟ್ಟು ಬಾ. ತಟ್ಟೆ ವಾಪಸ್ ತರಬೇಡ, ಅಲ್ಲೇ ಇರ್ಲಿ.”

“ಏನಂತ ಹೇಳ್ಲಿ?”

ಅಮ್ಮ ಬಾಟಲಿಯ ಮುಚ್ಚಳ ತಿರುಗಿಸುತ್ತ ಯೋಚಿಸಿದಳು. “ಏನೂ ಬೇಡ. ಅವರೇ ತಿರುಗಿಸಿ ನೋಡ್ತಾರೆ.”

ಯುರಾನಿ ಹೊರಟಳು. ಬೀದಿಯ ತುಂಬ ಬತ್ತಿಗಳು ಉರಿಯುತ್ತಿದ್ದವು, ಹುಡುಗರು ಕೂಗಾಡುತ್ತಿದ್ದರು, ಎಲ್ಲೋ ಪಟಾಕಿ ಸಿಡಿಯಿತು. ಅವಳು ಆ ಕಡೆ ತಿರುಗಲಿಲ್ಲ. ಬಣ್ಣ ಇನ್ನೂ ಹಸಿಯಾಗಿತ್ತು. ತಳಕ್ಕೆ ಬೆರಳು ತಾಗದಂತೆ ತಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಅವಳು ಪಕ್ಕದ ಮನೆಯ ಗೇಟಿನವರೆಗೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆದಳು.